ಮದ್ದು ಹಾಕುವ ಮುನ್ನ ನೀರು ನೋಡಿ: ಅಕ್ವೇರಿಯಂ ಮೀನುಗಳ ಕಾಯಿಲೆ ಕುರಿತ ಓದುಗರ ಪ್ರಶ್ನೆಗಳು

ಚಳಿಗಾಲ ಕಾಲಿಟ್ಟ ಮೇಲೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಅಕ್ವೇರಿಯಂ ಮೀನುಗಳ ಕಾಯಿಲೆಗೆ ಸಂಬಂಧಿಸಿದವು. ಅವುಗಳಲ್ಲಿ ಏಳನ್ನು ಆಯ್ದುಕೊಂಡು ಇಲ್ಲಿ ಉತ್ತರಿಸಿದ್ದೇನೆ. ಬಹುತೇಕ ಪತ್ರಗಳಲ್ಲಿ ಯಾವ ಯಾವ ಔಷಧ ಹಾಕಿದೆವು ಎಂಬ ವಿವರ ಉದ್ದವಾಗಿದೆ. ತೊಟ್ಟಿಯಲ್ಲಿ ಎಷ್ಟು ಲೀಟರ್ ನೀರಿದೆ, ನೀರು ಬದಲಿಸಿ ಎಷ್ಟು ದಿನವಾಯಿತು, ಹೊಸ ಮೀನು ಯಾವಾಗ ಬಂತು, ಮೀನು ಮೇವು ತಿನ್ನುತ್ತಿದೆಯೇ ಎಂಬ ವಿವರ ಮಾತ್ರ ಇಲ್ಲ. ಕಾಯಿಲೆಯನ್ನು ಗುರುತಿಸಲು ಮೊದಲು ಬೇಕಾಗುವುದು ಈ ವಿವರಗಳೇ ಆದ್ದರಿಂದ, ಮುಂದೆ ಬರೆಯುವವರು ಇವನ್ನು ಮರೆಯದೆ ತಿಳಿಸಬೇಕೆಂದು ಕೋರುತ್ತೇನೆ.

ಪ್ರಶ್ನೆ: ನಮ್ಮ ಎರಡು ಅಡಿ ಉದ್ದದ ತೊಟ್ಟಿಯಲ್ಲಿ ಮೋಲಿ, ಟೆಟ್ರಾ ಮತ್ತು ಎರಡು ಕ್ಲೌನ್ ಲೋಚ್ ಮೀನುಗಳಿವೆ. ಡಿಸೆಂಬರ್ ಮೊದಲ ವಾರ ನಾಲ್ಕು ಹೊಸ ಮೋಲಿಗಳನ್ನು ತಂದು ಬಿಟ್ಟೆವು. ಐದಾರು ದಿನಗಳಲ್ಲಿ ಲೋಚ್‌ಗಳ ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆಗಳು ಕಾಣಿಸಿಕೊಂಡವು. ಅಂಗಡಿಯವರು ಕೊಟ್ಟ ಹಸಿರು ಔಷಧವನ್ನು ಎರಡು ದಿನ ಹಾಕಿದಾಗ ಚುಕ್ಕೆಗಳು ಮಾಯವಾದವು, ಆದರೆ ವಾರ ಕಳೆಯುವಷ್ಟರಲ್ಲಿ ಎಲ್ಲ ಮೀನುಗಳಿಗೂ ಹರಡಿವೆ. ಔಷಧ ಕಳಪೆಯಾಗಿತ್ತೇ?
(ಗೃಹಿಣಿ, ಮೈಸೂರು)

ಉತ್ತರ: ಔಷಧ ಕಳಪೆ ಇರಲಾರದು, ನೀವು ಅದನ್ನು ನಿಲ್ಲಿಸಿದ ದಿನ ತಪ್ಪಾಗಿತ್ತು. ನೀವು ವರ್ಣಿಸಿರುವುದು ಬಿಳಿ ಚುಕ್ಕೆ ರೋಗ. ಅಂಗಡಿಗಳಲ್ಲಿ ಇದನ್ನು ‘ಇಕ್’ ಎನ್ನುತ್ತಾರೆ. ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಸ್ ಎಂಬ ಏಕಕೋಶ ಜೀವಿ ಇದಕ್ಕೆ ಕಾರಣ. ಈ ಪರಾವಲಂಬಿಯ ಬದುಕು ಮೂರು ಹಂತಗಳಲ್ಲಿ ಸಾಗುತ್ತದೆ ಎಂಬುದು ಮನಸ್ಸಿಗೆ ಬಂದರೆ ಚಿಕಿತ್ಸೆಯ ಕ್ರಮ ತಾನಾಗಿಯೇ ಅರ್ಥವಾಗುತ್ತದೆ.

ಮೊದಲ ಹಂತದಲ್ಲಿ ಅದು ಮೀನಿನ ಚರ್ಮದ ಮೇಲ್ಪದರದ ಅಡಿಯಲ್ಲಿ ಕುಳಿತು ಮೀನನ್ನೇ ತಿಂದು ಬೆಳೆಯುತ್ತದೆ. ನಮ್ಮ ಕಣ್ಣಿಗೆ ಕಾಣುವ ಬಿಳಿ ಚುಕ್ಕೆ ಇದೇ. ಹೆಚ್ಚೆಂದರೆ ಒಂದು ಮಿಲಿಮೀಟರಿನಷ್ಟು ದೊಡ್ಡದಾದ ಮೇಲೆ ಅದು ಮೀನಿನ ಮೈಯಿಂದ ಕಳಚಿ ತೊಟ್ಟಿಯ ತಳಕ್ಕೆ ಇಳಿದು, ಹರಳು, ಗಿಡದ ಎಲೆ ಅಥವಾ ಗಾಜಿಗೆ ಅಂಟಿಕೊಂಡು, ತನ್ನ ಸುತ್ತ ಕವಚ ಕಟ್ಟಿಕೊಂಡು ಒಳಗೊಳಗೇ ಒಡೆಯತೊಡಗುತ್ತದೆ. ಒಂದು ಕವಚದೊಳಗಿಂದ ನೂರಾರು ಮರಿಗಳು, ಕೆಲವೊಮ್ಮೆ ಸಾವಿರಕ್ಕೂ ಹೆಚ್ಚು, ಹೊರಬಂದು ನೀರಿನಲ್ಲಿ ಈಜುತ್ತ ಹೊಸ ಮೀನನ್ನು ಹುಡುಕುತ್ತವೆ. ಒಂದೆರಡು ದಿನಗಳಲ್ಲಿ ಮೀನು ಸಿಗದಿದ್ದರೆ ಅವು ಸಾಯುತ್ತವೆ. ಚರ್ಮದ ಅಡಿಯಲ್ಲಿರುವಾಗಲೂ ಕವಚದೊಳಗಿರುವಾಗಲೂ ಔಷಧ ಅದನ್ನು ತಲುಪುವುದಿಲ್ಲ. ಔಷಧ ಕೊಲ್ಲುವುದು ನೀರಿನಲ್ಲಿ ಈಜುವ ಮರಿಗಳನ್ನು ಮಾತ್ರ. ಎರಡನೆಯ ದಿನ ಚುಕ್ಕೆಗಳು ಮಾಯವಾದಾಗ ನಿಮಗೆ ರೋಗ ವಾಸಿಯಾದಂತೆ ತೋರಿತು, ಆದರೆ ಆಗ ಅವು ಬಲಿತು ತಳಕ್ಕೆ ಇಳಿದಿದ್ದವು, ಅಷ್ಟೇ. ಅಲ್ಲಿಂದ ಹತ್ತಾರು ಪಟ್ಟು ಹೆಚ್ಚಿ ಮೇಲೆದ್ದಾಗ ನೀರಿನಲ್ಲಿ ಔಷಧ ಉಳಿದಿರಲಿಲ್ಲ.

ಈ ಚಕ್ರ ಎಷ್ಟು ದಿನಗಳಲ್ಲಿ ಸುತ್ತುತ್ತದೆ ಎಂಬುದು ನೀರಿನ ಉಷ್ಣಾಂಶವನ್ನು ಅವಲಂಬಿಸಿದೆ. 25 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಸುಮಾರು ಒಂದು ವಾರದೊಳಗೆ ಮುಗಿಯುವ ಸುತ್ತು, ತಣ್ಣನೆಯ ನೀರಿನಲ್ಲಿ ಹಲವು ವಾರಗಳವರೆಗೆ ಎಳೆಯುತ್ತದೆ. ಡಿಸೆಂಬರ್ ಹೊತ್ತಿಗೆ ಹೀಟರ್ ಇಲ್ಲದ ತೊಟ್ಟಿಯ ನೀರು ರಾತ್ರಿ ತಣ್ಣಗಾಗಿ ಹಗಲು ಬೆಚ್ಚಗಾಗುವುದರಿಂದ ಮೀನಿನ ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ಅದೇ ಸಮಯಕ್ಕೆ ಹೊಸ ಮೀನಿನ ಜೊತೆ ಪರಾವಲಂಬಿಯೂ ಬಂದರೆ ನಿಮ್ಮಲ್ಲಿ ಆದಂತೆಯೇ ಆಗುತ್ತದೆ.

ನಿಮ್ಮ ತೊಟ್ಟಿಯಲ್ಲಿ ಲೋಚ್‌ಗಳಿರುವುದರಿಂದ ನಾನು ಔಷಧಕ್ಕಿಂತ ಬಿಸಿಯನ್ನು ಹೆಚ್ಚು ನೆಚ್ಚುತ್ತೇನೆ. ತೀರ ಸಣ್ಣ ಹುರುಪೆಯ ಲೋಚ್ ಹಾಗೂ ಹುರುಪೆಯಿಲ್ಲದ ಕ್ಯಾಟ್‌ಫಿಶ್ ಜಾತಿಗಳು ಮ್ಯಾಲಕೈಟ್ ಗ್ರೀನ್‌ನಂತಹ ಔಷಧಗಳನ್ನು ಚೆನ್ನಾಗಿ ತಾಳಿಕೊಳ್ಳುವುದಿಲ್ಲ, ಆದರೆ ಕ್ಲೌನ್ ಲೋಚ್‌ಗೆ ಬೆಚ್ಚನೆಯ ನೀರು ಒಗ್ಗುತ್ತದೆ. ಒಂದು ಹೀಟರ್ ಮತ್ತು ಥರ್ಮಾಮೀಟರ್ ತಂದು, ಒಂದೇ ಏಟಿಗೆ ಏರಿಸದೆ ಒಂದೆರಡು ದಿನಗಳ ಅವಧಿಯಲ್ಲಿ ನೀರನ್ನು 30 ಡಿಗ್ರಿಗೆ ತಂದು, ಎರಡು ವಾರ ಅಲ್ಲಿಯೇ ನಿಲ್ಲಿಸಿರಿ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿ ನಿಲ್ಲುವ ಆಮ್ಲಜನಕ ಕಡಿಮೆಯಾಗುವುದರಿಂದ ಏರ್ ಪಂಪ್ ಹಗಲು ರಾತ್ರಿ ಓಡುತ್ತಿರಲಿ. ಎರಡು ದಿನಕ್ಕೊಮ್ಮೆ ಸೈಫನ್ ಪೈಪಿನಿಂದ ತಳದ ಹರಳನ್ನು ಕೆದಕಿ ಕಸದ ಜೊತೆಗೆ ಕಾಲು ಭಾಗ ನೀರನ್ನು ಹೊರಗೆಳೆದರೆ ಕವಚದಲ್ಲಿರುವ ಎಷ್ಟೋ ಪರಾವಲಂಬಿಗಳು ಅದರೊಂದಿಗೆ ಹೋಗುತ್ತವೆ. ತುಂಬುವ ಹೊಸ ನೀರೂ ತೊಟ್ಟಿಯಷ್ಟೇ ಬೆಚ್ಚಗಿರಬೇಕು. ಲೀಟರಿಗೆ ಒಂದು ಗ್ರಾಂನಂತೆ ಕಲ್ಲುಪ್ಪನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ ಮೂರು ಕಂತುಗಳಲ್ಲಿ ಸೇರಿಸಬಹುದು. ಲೋಚ್ ಮತ್ತು ಟೆಟ್ರಾಗಳಿರುವ ಕಡೆ ಅದಕ್ಕಿಂತ ಹೆಚ್ಚು ಬೇಡ. ಕೊನೆಯ ಚುಕ್ಕೆ ಮರೆಯಾದ ಮೇಲೂ ಒಂದು ವಾರ ಇದನ್ನೆಲ್ಲ ಮುಂದುವರಿಸುವುದು ಕಡ್ಡಾಯ.

ಹೀಟರ್ ಹಾಕಲು ಸಾಧ್ಯವೇ ಇಲ್ಲವೆಂದು ಔಷಧಕ್ಕೆ ಹೋಗುವುದಾದರೆ, ತೊಟ್ಟಿಯ ನೀರಿನ ಪ್ರಮಾಣವನ್ನು ಲೆಕ್ಕ ಹಾಕದೆ ಹನಿ ಎಣಿಸಬೇಡಿ. ಒಳ ಅಳತೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯ ಲೆಕ್ಕ ಸುಮಾರು 56 ಲೀಟರ್ ಬಂದರೂ, ಹರಳು, ಕಲ್ಲು ಮತ್ತು ಮೇಲೆ ಬಿಟ್ಟ ಜಾಗವನ್ನು ಕಳೆದರೆ ಅದರಲ್ಲಿರುವ ನೀರು 45 ಲೀಟರಿನ ಆಸುಪಾಸು ಮಾತ್ರ. ಸೀಸೆಯ ಮೇಲೆ ಹೇಳಿದ ಪ್ರಮಾಣವನ್ನು ಈ ನಿಜವಾದ ನೀರಿಗೆ ಹೊಂದಿಸಿ, ಲೋಚ್‌ಗಳ ಸಲುವಾಗಿ ಅದರ ಅರ್ಧವನ್ನು ಹಾಕಿರಿ. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ತೆಗೆದಿಡಿ. ಇಲ್ಲವಾದರೆ ಔಷಧವನ್ನು ಅದೇ ಹೀರಿಬಿಡುತ್ತದೆ. ಮ್ಯಾಲಕೈಟ್ ಗ್ರೀನ್ ಅನ್ನು ತಿನ್ನುವ ಮೀನಿಗೆ ಬಳಸುವುದನ್ನು ಅನೇಕ ದೇಶಗಳು ನಿಷೇಧಿಸಿರುವುದು ಅದು ಮನುಷ್ಯರಿಗೂ ಹಾನಿಕರ ಎಂಬ ಕಾರಣಕ್ಕೆ. ಆದ್ದರಿಂದ ಕೈಗವಸು ಹಾಕಿಕೊಳ್ಳಿ, ಮಕ್ಕಳ ಕೈಗೆ ಸಿಗದಂತೆ ಇಡಿ.

ಇದೇ ವಿಷಯಕ್ಕೆ ಸೇರಿದ ಇನ್ನೊಂದು ಮಾತು. ಬಿಳಿಯಾಗಿ ಕಂಡದ್ದೆಲ್ಲ ಈ ರೋಗವಲ್ಲ. ಗಂಡು ಗೋಲ್ಡ್‌ಫಿಶ್ ಬೆದೆಗೆ ಬಂದಾಗ ಅದರ ಕಿವಿರಿನ ಮುಚ್ಚಳದ ಮೇಲೂ ಎದೆಯ ಈಜುರೆಕ್ಕೆಗಳ ಮುಂದಿನ ಅಂಚಿನಲ್ಲೂ ಸಾಲಾಗಿ ಬಿಳಿ ಗುಳ್ಳೆಗಳು ಏಳುತ್ತವೆ. ಅದು ಆರೋಗ್ಯದ ಲಕ್ಷಣ. ಅದನ್ನು ರೋಗವೆಂದು ಭಾವಿಸಿ ಔಷಧ ಹಾಕಿ ಮೀನನ್ನು ಕಳೆದುಕೊಂಡವರನ್ನು ನಾನು ಬಲ್ಲೆ. ಚುಕ್ಕೆಗಳು ಉಪ್ಪಿನ ಹರಳಿನಷ್ಟಿರದೆ, ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟಾಗ ಅರಿಶಿನದ ಪುಡಿ ಅಥವಾ ಚಿನ್ನದ ಧೂಳಿನಂತೆ ಹೊಳೆದರೆ ಅದು ವೆಲ್ವೆಟ್ ಎಂಬ ಬೇರೆಯೇ ರೋಗ. ಆ ಪರಾವಲಂಬಿಗೆ ಬೆಳಕಿನಿಂದ ಆಹಾರ ತಯಾರಿಸಿಕೊಳ್ಳುವ ಗುಣವೂ ಇರುವುದರಿಂದ, ಅದರ ಚಿಕಿತ್ಸೆಯಲ್ಲಿ ತೊಟ್ಟಿಯ ದೀಪ ಆರಿಸಿ ಸುತ್ತ ಬಟ್ಟೆ ಮುಚ್ಚುವುದೂ ಒಂದು ಭಾಗವಾಗಿರುತ್ತದೆ.

ಪ್ರಶ್ನೆ: ಮಗಳ ಹುಟ್ಟುಹಬ್ಬಕ್ಕೆ ಒಂದೂವರೆ ಅಡಿಯ ಅಕ್ವೇರಿಯಂ ತಂದು ಹನ್ನೆರಡು ಮೀನುಗಳನ್ನು ಬಿಟ್ಟು ಐದು ವಾರವಾಯಿತು. ಪ್ರತಿ ಭಾನುವಾರ ಎಲ್ಲ ನೀರನ್ನೂ ಚೆಲ್ಲಿ, ಕಲ್ಲು ಮತ್ತು ಫಿಲ್ಟರಿನ ಸ್ಪಂಜನ್ನು ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆಯುತ್ತೇನೆ. ಹೀಗಿದ್ದೂ ವಾರಕ್ಕೆ ಎರಡು ಮೀನು ಸಾಯುತ್ತಿವೆ. ಮೈಮೇಲೆ ಯಾವ ಗುರುತೂ ಇಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಮೇಲಕ್ಕೆ ಬಂದು ಬಾಯಿ ಬಿಡುತ್ತಿರುತ್ತವೆ. ಯಾವ ರೋಗವಿದು? ಆ್ಯಂಟಿಬಯೋಟಿಕ್ ಪುಡಿಯನ್ನೂ ಹಾಕಿ ನೋಡಿದೆ.
(ಬ್ಯಾಂಕ್ ಉದ್ಯೋಗಿ, ಬೆಂಗಳೂರು)

ಉತ್ತರ: ನಿಮ್ಮ ಮೀನುಗಳಿಗೆ ಯಾವ ರೋಗಾಣುವೂ ತಗುಲಿಲ್ಲವೆಂದೇ ನನ್ನ ಅಭಿಪ್ರಾಯ. ಅವು ನೀರಿನ ವಿಷಕ್ಕೆ ಸಾಯುತ್ತಿವೆ, ಮತ್ತು ಹೇಳಲು ನೋವಾದರೂ, ನೀವು ಅಷ್ಟು ಶ್ರದ್ಧೆಯಿಂದ ಮಾಡುತ್ತಿರುವ ಭಾನುವಾರದ ತೊಳೆತವೇ ಅದಕ್ಕೆ ಕಾರಣ.

ಮೀನು ಕಿವಿರಿನ ಮೂಲಕ ಅಮೋನಿಯಾವನ್ನು ಹೊರಹಾಕುತ್ತದೆ. ತಿನ್ನದೆ ಉಳಿದ ಮೇವು ಮತ್ತು ಹಿಕ್ಕೆ ಕೊಳೆತಾಗಲೂ ಅಮೋನಿಯಾ ಹುಟ್ಟುತ್ತದೆ. ಕೆರೆಯಲ್ಲಿ ಇದು ಅಪಾರ ನೀರಿನಲ್ಲಿ ಬೆರೆತು ಹೋದರೆ, ತೊಟ್ಟಿಯಲ್ಲಿ ಅಲ್ಲಿಯೇ ಶೇಖರವಾಗುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ಮತ್ತು ಹರಳುಗಳ ಮೇಲೆ ನೆಲೆಸುವ ಒಂದು ಗುಂಪಿನ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಗುಂಪಿನವು ನೈಟ್ರೈಟನ್ನು ಅಷ್ಟು ಹಾನಿಕರವಲ್ಲದ ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಇವು ಸಾಕಷ್ಟು ಸಂಖ್ಯೆಯಲ್ಲಿ ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ನೀವು ಏಳು ದಿನಕ್ಕೊಮ್ಮೆ ಕ್ಲೋರಿನ್ ಇರುವ ನಲ್ಲಿ ನೀರಿನಿಂದ ಸ್ಪಂಜನ್ನು ತೊಳೆದಾಗ ಈ ಬ್ಯಾಕ್ಟೀರಿಯಾಗಳನ್ನೇ ತೊಳೆದು ಕಳಿಸುತ್ತಿದ್ದೀರಿ. ಹೀಗಾಗಿ ನಿಮ್ಮ ತೊಟ್ಟಿಗೆ ಐದು ವಾರ ವಯಸ್ಸಾಗಿದ್ದರೂ ಅದು ಪ್ರತಿ ಸೋಮವಾರ ಹೊಸದಾಗಿ ಹುಟ್ಟುತ್ತಿದೆ. ಮೇಲೆ ಹಾಕಿದ ಆ್ಯಂಟಿಬಯೋಟಿಕ್ ಉಳಿದಿದ್ದ ಬ್ಯಾಕ್ಟೀರಿಯಾಗಳಿಗೂ ಕಂಟಕವಾಗಿರಬಹುದು.

ನೈಟ್ರೈಟ್ ಮೀನಿನ ರಕ್ತಕ್ಕೆ ಸೇರಿದರೆ ರಕ್ತ ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ, ಕೆಂಪಾಗಿರಬೇಕಾದ ಕಿವಿರು ಕಂದು ಬಣ್ಣಕ್ಕೆ ತಿರುಗುತ್ತದೆ. ಬಾಯಿ ಬಿಡುವುದರ ಕಾರಣ ಇದಾಗಿರಬಹುದು, ಅಮೋನಿಯಾದಿಂದ ಸುಟ್ಟ ಕಿವಿರೂ ಆಗಿರಬಹುದು. ಅಂಗಡಿಯಲ್ಲಿ ಸಿಗುವ ಪರೀಕ್ಷಾ ಕಿಟ್‌ನಿಂದ ಅಮೋನಿಯಾ, ನೈಟ್ರೈಟ್ ಮತ್ತು ಪಿಎಚ್ (ನೀರಿನ ಆಮ್ಲ-ಕ್ಷಾರ ಗುಣದ ಅಳತೆ) ಮೂರನ್ನೂ ನೋಡಿರಿ. ಮೂರನ್ನೂ ಒಟ್ಟಿಗೆ ನೋಡಬೇಕೆನ್ನುವುದಕ್ಕೆ ಕಾರಣವಿದೆ: ನೀರಿನಲ್ಲಿರುವ ಒಟ್ಟು ಅಮೋನಿಯಾದಲ್ಲಿ ಮೀನಿಗೆ ತೀವ್ರ ವಿಷವಾಗುವ ಪಾಲು, 25 ಡಿಗ್ರಿಯ ನೀರಿನಲ್ಲಿ ಪಿಎಚ್ 7 ಇದ್ದಾಗ ನೂರಕ್ಕೆ ಒಂದೂ ಇರುವುದಿಲ್ಲ, ಪಿಎಚ್ 8 ಆದಾಗ ಐದನ್ನು ದಾಟುತ್ತದೆ. ಪಿಎಚ್ ಹೆಚ್ಚಿರುವ ಗಡಸು ಬೋರ್‌ವೆಲ್ ನೀರನ್ನು ಬಳಸುವ ಮನೆಗಳಲ್ಲಿ ಅಲ್ಪ ಅಮೋನಿಯಾವೂ ಕೊಲ್ಲುವುದು ಈ ಕಾರಣಕ್ಕೆ.

ಇಂದಿನಿಂದ ಮಾಡಬೇಕಾದದ್ದು ಇಷ್ಟು. ಎರಡು ದಿನ ಮೇವು ನಿಲ್ಲಿಸಿ. ಆರೋಗ್ಯವಾಗಿರುವ ಮೀನು ಎರಡು ದಿನದ ಉಪವಾಸಕ್ಕೆ ಸಾಯುವುದಿಲ್ಲ. ದಿನವೂ ನಾಲ್ಕನೆಯ ಒಂದು ಭಾಗ ನೀರನ್ನು ಮಾತ್ರ ಬದಲಿಸಿ. ಬದಲಿಸುವ ನೀರನ್ನು ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಗಾಳಿಕಲ್ಲು ಓಡಿಸಿ, ಅಥವಾ ಅಂಗಡಿಯವರು ಆ್ಯಂಟಿ ಕ್ಲೋರಿನ್ ಎಂದು ಮಾರುವ ಸೋಡಿಯಂ ಥಯೋಸಲ್ಫೇಟ್ ಹಾಕಿ. ಬೋರ್‌ವೆಲ್ ನೀರಿಗೂ ಗಾಳಿ ಹಾಯಿಸುವುದು ಅಗತ್ಯ, ಏಕೆಂದರೆ ನೆಲದಾಳದಿಂದ ಬಂದ ಆ ನೀರಿನಲ್ಲಿ ಆಮ್ಲಜನಕ ತೀರ ಕಡಿಮೆ ಇರುತ್ತದೆ. ನೈಟ್ರೈಟ್ ಕಂಡುಬಂದರೆ ಲೀಟರಿಗೆ ಒಂದು ಗ್ರಾಂ ಕಲ್ಲುಪ್ಪು ನಿಜಕ್ಕೂ ಪ್ರಾಣ ಉಳಿಸುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್, ನೈಟ್ರೈಟ್ ಕಿವಿರಿನ ಮೂಲಕ ಒಳನುಗ್ಗುವುದನ್ನು ತಡೆಯುತ್ತದೆ. ಸ್ಪಂಜ್ ಕಟ್ಟಿಕೊಂಡರೆ ತೊಟ್ಟಿಯಿಂದಲೇ ತೆಗೆದ ಒಂದು ಮಗ್ ನೀರಿನಲ್ಲಿ ಎರಡು ಸಲ ಹಿಂಡಿ ವಾಪಸು ಇಡಿ. ಅದು ಬೆಳ್ಳಗಾಗಬೇಕಿಲ್ಲ. ಪರಿಚಿತರ ಹಳೆಯ, ಆರೋಗ್ಯವಂತ ತೊಟ್ಟಿಯಿಂದ ಬಳಸಿದ ಸ್ಪಂಜಿನ ಒಂದು ತುಂಡು ಸಿಕ್ಕರೆ ನಿಮ್ಮ ಫಿಲ್ಟರಿನೊಳಗೆ ಸೇರಿಸಿ; ವಾರಗಟ್ಟಲೆ ಕಾಯುವ ಕೆಲಸ ಬಹಳ ಬೇಗ ಆಗುತ್ತದೆ. ಒಂದೂವರೆ ಅಡಿಯ ತೊಟ್ಟಿಗೆ ಹನ್ನೆರಡು ಮೀನು ಹೆಚ್ಚಾಯಿತು. ಸತ್ತವುಗಳ ಜಾಗಕ್ಕೆ ಸದ್ಯ ಹೊಸದನ್ನು ತರಬೇಡಿ, ಮಗಳು ಕೇಳಿದರೂ.

ಪ್ರಶ್ನೆ: ಮೋಲಿ ಮೀನಿನ ಬಾಯಿಯ ಸುತ್ತ ಹತ್ತಿಯಂತಹ ಬೆಳ್ಳನೆಯ ವಸ್ತು ಬೆಳೆಯಿತು. ಶಿಲೀಂಧ್ರವೆಂದು ಅದರ ಔಷಧ ಹಾಕಿ, ಬಿಳಿ ಚುಕ್ಕೆಗೆ ಬಿಸಿ ಒಳ್ಳೆಯದೆಂದು ಓದಿದ್ದರಿಂದ ನೀರನ್ನು 30 ಡಿಗ್ರಿಗೆ ಏರಿಸಿದೆ. ಎರಡೇ ದಿನಗಳಲ್ಲಿ ಮೂರು ಮೀನು ಸತ್ತವು. ಎಲ್ಲಿ ತಪ್ಪಿದೆ?
(ಕಾಲೇಜು ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ಹತ್ತಿಯಂತೆ ಕಂಡರೂ ಅದು ಬಹುಶಃ ಶಿಲೀಂಧ್ರವಲ್ಲ. ಫ್ಲಾವೊಬ್ಯಾಕ್ಟೀರಿಯಂ ಕಾಲಮ್ನೇರ್ ಎಂಬ ಬ್ಯಾಕ್ಟೀರಿಯಾ ಉಂಟುಮಾಡುವ ಕಾಲಮ್ನಾರಿಸ್ ರೋಗ ಬಾಯಿಯ ಅಂಚಿನಲ್ಲಿ ಹೀಗೆಯೇ ಕಾಣಿಸಿಕೊಳ್ಳುತ್ತದೆ. ಬೆನ್ನಿನ ರೆಕ್ಕೆಯ ಬುಡದಿಂದ ಎರಡೂ ಪಕ್ಕಕ್ಕೆ ಜೀನು ಹಾಕಿದಂತೆ ಬೂದುಬಣ್ಣದ ಪಟ್ಟೆಯಾಗಿ ಇಳಿಯುವುದೂ ಉಂಟು. ಶಿಲೀಂಧ್ರ ಸಾಮಾನ್ಯವಾಗಿ ಮೊದಲೇ ಆದ ಗಾಯದ ಮೇಲೆ ಎಳೆ ಎಳೆಯಾಗಿ, ನೀರಿನಲ್ಲಿ ತೂಗಾಡುವಂತೆ ಬೆಳೆಯುತ್ತದೆ ಮತ್ತು ನಿಧಾನವಾಗಿ ಹರಡುತ್ತದೆ. ಕಾಲಮ್ನಾರಿಸ್ ಚರ್ಮಕ್ಕೆ ಅಂಟಿಕೊಂಡ ಲೇಪದಂತಿರುತ್ತದೆ, ತೀವ್ರವಾದಾಗ ಒಂದೆರಡು ದಿನಗಳಲ್ಲಿ ಕೊಲ್ಲುತ್ತದೆ. ಬೆಚ್ಚನೆಯ ನೀರಿನಲ್ಲಿ ಅದು ಇನ್ನೂ ವೇಗವಾಗಿ ಬೆಳೆಯುವುದರಿಂದ, ಬಿಳಿ ಚುಕ್ಕೆಯ ಮೀನನ್ನು ಉಳಿಸುವ ಬಿಸಿಯೇ ಇಲ್ಲಿ ಮೃತ್ಯುವಾಯಿತು. ಹಿಂದಿನ ಉತ್ತರಗಳಲ್ಲಿ ಗುರುತಿಸುವಿಕೆಗೆ ನಾನು ಅಷ್ಟು ಒತ್ತು ಕೊಟ್ಟದ್ದು ಇಂತಹ ಪ್ರಸಂಗಗಳನ್ನು ನೆನೆದೇ.

ಉಳಿದ ಮೀನುಗಳಿಗೆ ನೀರನ್ನು ನಿಧಾನವಾಗಿ 24 ಡಿಗ್ರಿಯತ್ತ ಇಳಿಸಿ, ಗಾಳಿ ಹೆಚ್ಚಿಸಿ, ಮೂರನೆಯ ಒಂದು ಭಾಗ ನೀರು ಬದಲಿಸಿ. ಲಕ್ಷಣವಿರುವ ಮೀನನ್ನು ಕೂಡಲೇ ಬೇರೆ ಪಾತ್ರೆಗೆ ಹಾಕಿರಿ. ಮೋಲಿಗಳು ಉಪ್ಪನ್ನು ಚೆನ್ನಾಗಿ ಸಹಿಸುವುದರಿಂದ ಆ ಪಾತ್ರೆಯಲ್ಲಿ ಲೀಟರಿಗೆ ಮೂರು ಗ್ರಾಂನಷ್ಟು ಉಪ್ಪು ಹಾಕಬಹುದು. ಈ ರೋಗದಲ್ಲಿ ಆ್ಯಂಟಿಬಯೋಟಿಕ್‌ಗೆ ನಿಜವಾದ ಸ್ಥಾನವಿದೆ, ಆದರೆ ಮನೆಯಲ್ಲಿ ಉಳಿದ ಕ್ಯಾಪ್ಸೂಲನ್ನು ಒಡೆದು ನೀರಿಗೆ ಸುರಿಯುವುದು ಚಿಕಿತ್ಸೆಯಲ್ಲ. ಪ್ರಮಾಣ ತಿಳಿಯದೆ, ಅರ್ಧಕ್ಕೆ ನಿಲ್ಲಿಸುತ್ತ ಹೋದರೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ನಾವೇ ಬೆಳೆಸಿದಂತಾಗುತ್ತದೆ, ಮತ್ತು ಆ ನೀರು ಕೊನೆಗೆ ಚರಂಡಿಗೇ ಹೋಗುತ್ತದೆ. ಪಶುವೈದ್ಯರ ಸಲಹೆಯ ಮೇರೆಗೆ, ಬೇರೆ ಪಾತ್ರೆಯಲ್ಲಿ, ಪೂರ್ಣ ಅವಧಿಗೆ ಮಾತ್ರ ಬಳಸಿರಿ. ಪದೇ ಪದೇ ಸಾವು ಸಂಭವಿಸುತ್ತಿದ್ದರೆ ಮೀನನ್ನೇ ಪರೀಕ್ಷೆ ಮಾಡಿಸುವುದು ಲೇಸು. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಜಲಚರಗಳ ಆರೋಗ್ಯದ ಅಧ್ಯಯನಕ್ಕೆಂದೇ ವಿಭಾಗವಿದೆ. ಕಳಿಸುವ ಮುನ್ನ ವಿಚಾರಿಸಿಕೊಳ್ಳಿ. ಪರೀಕ್ಷೆಗೆ ಬೇಕಾಗುವುದು ಇನ್ನೂ ಜೀವವಿರುವ ರೋಗಿ ಮೀನು, ಇಲ್ಲವೇ ಆಗಷ್ಟೇ ಸತ್ತು ಮಂಜುಗಡ್ಡೆಯ ಮೇಲೆ ಇರಿಸಿದ ಮೀನು. ರಾತ್ರಿಯೆಲ್ಲ ನೀರಿನಲ್ಲಿ ತೇಲಿದ ಮೀನಿನಿಂದ ಏನೂ ತಿಳಿಯುವುದಿಲ್ಲ, ಫ್ರೀಜರಿನಲ್ಲಿ ಕಲ್ಲಾಗಿಸಿದ ಮೀನಿನಿಂದಲೂ ಹೆಚ್ಚೇನೂ ತಿಳಿಯದು.

ಪ್ರಶ್ನೆ: ದುಂಡು ಹೊಟ್ಟೆಯ ಒರಾಂಡಾ ಗೋಲ್ಡ್‌ಫಿಶ್ ಮೇವು ತಿಂದ ಮೇಲೆ ತಲೆಕೆಳಗಾಗಿ ತೇಲುತ್ತದೆ. ಸಂಜೆಯ ಹೊತ್ತಿಗೆ ಸರಿಯಾಗುತ್ತದೆ. ಔಷಧ ಬೇಕೇ?
(ನಿವೃತ್ತ ಶಿಕ್ಷಕರು, ದಾವಣಗೆರೆ)

ಉತ್ತರ: ಬೇಡ. ಗೋಲ್ಡ್‌ಫಿಶ್‌ನ ಗಾಳಿಚೀಲಕ್ಕೂ ಅನ್ನನಾಳಕ್ಕೂ ಸಂಪರ್ಕವಿದೆ. ತೇಲುವ ಮೇವನ್ನು ತಿನ್ನುವಾಗ ಅದು ಗಾಳಿಯನ್ನೂ ನುಂಗುತ್ತದೆ. ಒರಾಂಡಾದಂತಹ ತಳಿಗಳಲ್ಲಿ ದೇಹವನ್ನು ಗಿಡ್ಡವಾಗಿಸಿರುವುದರಿಂದ ಒಳಗಿನ ಅಂಗಗಳು ಒತ್ತಿಕೊಂಡಿದ್ದು, ಹೊಟ್ಟೆ ಉಬ್ಬಿದಾಗ ಸಮತೋಲ ತಪ್ಪುತ್ತದೆ. ಎರಡು ಮೂರು ದಿನ ಮೇವು ಕೊಡದಿದ್ದು, ನಂತರ ಬೇಯಿಸಿ ಸಿಪ್ಪೆ ಸುಲಿದ ಹಸಿ ಬಟಾಣಿಯನ್ನು ಕಿವುಚಿ ಚೂರು ಚೂರಾಗಿ ಕೊಡಿ. ಆಮೇಲೆ ಮುಳುಗುವ ಮೇವಿಗೆ ಬದಲಾಯಿಸಿ, ಅದನ್ನೂ ಒಂದೆರಡು ನಿಮಿಷ ನೆನೆಸಿ, ದಿನಕ್ಕೆರಡು ಬಾರಿ ಸ್ವಲ್ಪವೇ ಹಾಕಿರಿ. ತಿಂದರೂ ತಿನ್ನದಿದ್ದರೂ ಸದಾ ಮಗುಚಿಯೇ ಇದ್ದರೆ ಅಥವಾ ತಳದಲ್ಲೇ ಬಿದ್ದಿದ್ದರೆ ಅದು ಬೇರೆ ವಿಷಯ. ಆಗ ನೀರಿನ ಪರೀಕ್ಷೆಯ ವಿವರದೊಂದಿಗೆ ಮತ್ತೆ ಬರೆಯಿರಿ.

ಪ್ರಶ್ನೆ: ಅಂಗಳದ ಸಿಮೆಂಟ್ ತೊಟ್ಟಿಯಲ್ಲಿ ಕೋಯಿ ಮತ್ತು ಗೋಲ್ಡ್‌ಫಿಶ್ ಸಾಕಿದ್ದೇವೆ. ಅವುಗಳ ಮೈಯಿಂದ ದಾರದ ತುಂಡಿನಂತೆ ಏನೋ ನೇತಾಡುತ್ತಿದೆ, ಅದರ ಬುಡದಲ್ಲಿ ಕೆಂಪಾಗಿದೆ. ಮೀನುಗಳು ಗೋಡೆಗೆ ಮೈ ಉಜ್ಜುತ್ತಿವೆ.
(ಕೃಷಿಕರು, ಉಡುಪಿ ಜಿಲ್ಲೆ)

ಉತ್ತರ: ಅದು ಲರ್ನಿಯಾ, ಲಂಗರು ಹುಳು ಎಂದು ಕರೆಯಬಹುದು. ಹೆಸರಿಗೆ ಹುಳುವಾದರೂ ಇದು ಸಿಗಡಿ, ಏಡಿಗಳ ಬಳಗಕ್ಕೆ ಸೇರಿದ ಜೀವಿ. ಗಂಡು ಕೂಡಿದ ಮೇಲೆ ಸಾಯುತ್ತದೆ, ಹೆಣ್ಣು ಮಾತ್ರ ಮೀನಿನ ಮಾಂಸದೊಳಗೆ ತಲೆಯನ್ನು ತೂರಿಸಿ ಲಂಗರಿನಂತೆ ಕವಲೊಡೆದ ಭಾಗದಿಂದ ಕಚ್ಚಿಕೊಳ್ಳುತ್ತದೆ. ಹೊರಗೆ ನೇತಾಡುವ ದಾರದ ತುದಿಯಲ್ಲಿ ಎರಡು ಸಣ್ಣ ಚೀಲಗಳು ಕಂಡರೆ ಅವು ಮೊಟ್ಟೆಯ ಚೀಲಗಳು.

ಮೀನನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು, ಚಿಮಟವನ್ನು ಚರ್ಮಕ್ಕೆ ತಾಗುವಷ್ಟು ಹತ್ತಿರ ಹಾಕಿ, ಹುಳು ಇರುವ ದಿಕ್ಕಿನಲ್ಲೇ ನಿಧಾನವಾಗಿ ಎಳೆದು ತೆಗೆಯಬೇಕು. ಅಡ್ಡ ಎಳೆದರೆ ತಲೆ ಒಳಗೇ ಮುರಿದು ಕೀವಾಗುತ್ತದೆ. ಗಾಯಕ್ಕೆ ಪೊವಿಡೋನ್ ಅಯೋಡಿನ್ ಅನ್ನು ಹತ್ತಿಯಿಂದ ಮುಟ್ಟಿಸಿ, ಕಿವಿರು ಮತ್ತು ಕಣ್ಣಿಗೆ ತಾಗದಂತೆ ಎಚ್ಚರವಹಿಸಿ. ಒಂದು ಮೀನಿಗೆ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಬೇಡ. ಕಿತ್ತದ್ದರಿಂದ ಕೆಲಸ ಮುಗಿಯಲಿಲ್ಲ, ಏಕೆಂದರೆ ನೀರಿನಲ್ಲಿ ಕಣ್ಣಿಗೆ ಕಾಣದ ಮರಿಗಳಿವೆ. ಕರಾವಳಿಯ ಸೆಖೆಯಲ್ಲಿ ಅವು ಎರಡು ಮೂರು ವಾರಗಳಲ್ಲಿ ಬಲಿತು ಮತ್ತೆ ಕಚ್ಚುತ್ತವೆ. ಮರಿಗಳು ಬೆಳೆಯುವಾಗ ಪೊರೆ ಕಳಚದಂತೆ ತಡೆಯುವ ಡೈಫ್ಲುಬೆಂಜುರಾನ್ ಇರುವ ಅಕ್ವೇರಿಯಂ ಔಷಧವನ್ನು ಸೀಸೆಯ ಸೂಚನೆಯಂತೆ ಹಾಕಿ, ಎರಡು ವಾರದ ನಂತರ ಮತ್ತೊಮ್ಮೆ ಹಾಕಿರಿ. ಈ ಔಷಧ ಸಿಗಡಿ, ಏಡಿ ಮತ್ತು ನೀರಿನ ಕೀಟಗಳನ್ನೂ ಕೊಲ್ಲುತ್ತದೆ. ನಿಮ್ಮ ಕಡೆ ಅಂಗಳದ ನೀರು ತೋಡಿಗೆ, ಗದ್ದೆಗೆ ಹರಿಯುವುದು ಸಹಜವಾದ್ದರಿಂದ, ಔಷಧವಿರುವ ನೀರು ಉಕ್ಕಿ ಹೊರಗೆ ಹೋಗದಂತೆ ಮಳೆ ನಿಂತ ಮೇಲೆಯೇ ಚಿಕಿತ್ಸೆ ಮಾಡಬೇಕೆಂದು ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ಹಾಗೆಯೇ ಹೊಳೆಯಿಂದ ಹಿಡಿದ ಮೀನನ್ನು ಈ ತೊಟ್ಟಿಗೆ, ಈ ತೊಟ್ಟಿಯ ಮೀನನ್ನು ಹೊಳೆಗೆ ಎಂದೂ ಬಿಡಬೇಡಿ.

ಪ್ರಶ್ನೆ: ಹೊಸ ಮೀನನ್ನು ಪ್ರತ್ಯೇಕವಾಗಿಡಬೇಕೆಂದು ನೀವು ಹಿಂದೊಮ್ಮೆ ಬರೆದಿದ್ದಿರಿ. ಇನ್ನೊಂದು ಅಕ್ವೇರಿಯಂ ಕೊಳ್ಳುವಷ್ಟು ಹಣ, ಜಾಗ ಎರಡೂ ಇಲ್ಲ.
(ಪಿಯುಸಿ ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ಅಕ್ವೇರಿಯಂ ಬೇಕಿಲ್ಲಮ್ಮ, 20 ಲೀಟರಿನ ಒಂದು ಪ್ಲಾಸ್ಟಿಕ್ ಟಬ್ ಸಾಕು. ಸೋಪು ಮುಟ್ಟಿಸದ ಹೊಸ ಟಬ್ ಇರಲಿ. ಒಂದು ಸಣ್ಣ ಸ್ಪಂಜ್ ಫಿಲ್ಟರ್, ಅಡಗಿಕೊಳ್ಳಲು ಒಂದು ತುಂಡು ಪಿವಿಸಿ ಪೈಪು, ಮೇಲೆ ಜಿಗಿಯದಂತೆ ಬಲೆ. ತಳಕ್ಕೆ ಹರಳು ಹಾಕಬೇಡ. ಆ ಸ್ಪಂಜನ್ನು ಉಳಿದ ದಿನಗಳಲ್ಲಿ ದೊಡ್ಡ ತೊಟ್ಟಿಯಲ್ಲೇ ಓಡಿಸುತ್ತಿದ್ದರೆ ಬೇಕಾದಾಗ ಒಳ್ಳೆಯ ಬ್ಯಾಕ್ಟೀರಿಯಾ ಸಮೇತ ಸಿದ್ಧವಾಗಿರುತ್ತದೆ. ಹೊಸ ಮೀನನ್ನು ಅದರಲ್ಲಿ ಮೂರರಿಂದ ನಾಲ್ಕು ವಾರ ಇರಿಸಿಕೊ. ನಮ್ಮ ರಾಜ್ಯದ ಅಂಗಡಿಗಳಿಗೆ ಬರುವ ಎಷ್ಟೋ ಮೀನುಗಳು ಚೆನ್ನೈನ ಕೊಳತ್ತೂರಿನಂತಹ ದೂರದ ಕೇಂದ್ರಗಳಿಂದ ಪ್ಲಾಸ್ಟಿಕ್ ಚೀಲಗಳಲ್ಲಿ ಗಂಟೆಗಟ್ಟಲೆ ಪ್ರಯಾಣ ಮಾಡಿ, ಅಂಗಡಿಯಲ್ಲಿ ಮತ್ತೊಮ್ಮೆ ನೀರು ಬದಲಾಗಿ, ಕೊನೆಗೆ ನಿನ್ನ ಮನೆಗೆ ಬರುತ್ತವೆ. ಈ ದಣಿವಿನಲ್ಲಿ ಅಡಗಿದ್ದ ಕಾಯಿಲೆ ಹೊರಬೀಳುವುದು ಮೊದಲ ಎರಡು ವಾರಗಳಲ್ಲೇ ಹೆಚ್ಚು. ಬಲೆ, ಮಗ್, ಪೈಪು ಟಬ್‌ಗೇ ಬೇರೆ ಇರಲಿ. ಒದ್ದೆ ಬಲೆಯೊಂದೇ ರೋಗ ದಾಟಿಸಲು ಸಾಕು. ಅಂಗಡಿಯ ಚೀಲದ ನೀರನ್ನು ತೊಟ್ಟಿಗೆ ಸುರಿಯಬಾರದು. ಮತ್ತು ಕೊಳ್ಳುವಾಗ, ನೀನು ಆರಿಸಿದ ಮೀನು ಎಷ್ಟೇ ಚುರುಕಾಗಿರಲಿ, ಅದೇ ತೊಟ್ಟಿಯಲ್ಲಿ ಒಂದು ಸತ್ತ ಮೀನು ಕಂಡರೂ ಅಲ್ಲಿಂದ ತರಬೇಡ.

ಪ್ರಶ್ನೆ: ಎರಡು ವರ್ಷದಿಂದ ಒಂದು ಬೆಟ್ಟಾ ಮೀನನ್ನು ಗಾಜಿನ ಬಟ್ಟಲಿನಲ್ಲಿ ಸಾಕಿದ್ದೇನೆ. ಹತ್ತು ದಿನಗಳಿಂದ ಹೊಟ್ಟೆ ಊದಿ, ಹುರುಪೆಗಳು ಹೊರಕ್ಕೆ ಎದ್ದು ನಿಂತಿವೆ. ಮೇವು ಬಿಟ್ಟಿದೆ. ನೋಡಲು ಆಗುತ್ತಿಲ್ಲ. ಉಳಿಸಲು ಸಾಧ್ಯವೇ? ಇನ್ನೊಂದು ವಿಷಯ, ಬಟ್ಟಲು ತೊಳೆಯುವಾಗ ತರಚಿದ ಬೆರಳಿನಲ್ಲಿ ಒಂದು ಗಂಟು ಎದ್ದು ಒಂದು ತಿಂಗಳಾದರೂ ಮಾಯುತ್ತಿಲ್ಲ.
(ಓದುಗರು, ಕಲಬುರಗಿ)

ಉತ್ತರ: ಎರಡು ವರ್ಷ ಜೊತೆಗಿದ್ದ ಜೀವದ ಬಗ್ಗೆ ಬರೆಯುತ್ತಿದ್ದೀರಿ, ಆದ್ದರಿಂದ ನೇರವಾಗಿಯೇ ಹೇಳುತ್ತೇನೆ. ಹುರುಪೆಗಳು ಹೀಗೆ ಎದ್ದು ನಿಲ್ಲುವುದನ್ನು ಡ್ರಾಪ್ಸಿ ಎನ್ನುತ್ತಾರೆ. ಅದು ಒಂದು ರೋಗದ ಹೆಸರಲ್ಲ. ಮೂತ್ರಪಿಂಡ ಸೋತು ದೇಹದೊಳಗೆ ನೀರು ತುಂಬಿಕೊಂಡದ್ದರ ಲಕ್ಷಣ. ಬ್ಯಾಕ್ಟೀರಿಯಾ ಸೋಂಕು, ದೀರ್ಘಕಾಲದ ಕೆಟ್ಟ ನೀರು, ಮುಪ್ಪು, ಯಾವುದರಿಂದಲಾದರೂ ಅದು ಬರಬಹುದು, ಮತ್ತು ಈ ಹಂತ ತಲುಪಿದ ಮೀನುಗಳಲ್ಲಿ ಬಹುಪಾಲು ಉಳಿಯುವುದಿಲ್ಲ. ಪ್ರಯತ್ನಿಸುವುದಾದರೆ, 27 ಡಿಗ್ರಿಯ ಸ್ವಚ್ಛ ನೀರಿನಲ್ಲಿ, ಮೇಲೆ ಬಂದು ಉಸಿರಾಡಲು ಶ್ರಮವಾಗದಷ್ಟು ಕಡಿಮೆ ಆಳದಲ್ಲಿ ಇರಿಸಿ, ಹತ್ತು ಲೀಟರಿಗೆ ಅರ್ಧ ಚಹಾ ಚಮಚದಂತೆ ಎಪ್ಸಮ್ ಸಾಲ್ಟ್ ಹಾಕಿ. ಊತ ಇಳಿಯಲು ಇದು ನೆರವಾಗುತ್ತದೆ. ಅಡುಗೆ ಉಪ್ಪು ಇಲ್ಲಿ ಬೇಡ.

ನಾಲ್ಕೈದು ದಿನಗಳಲ್ಲಿ ಚೇತರಿಕೆ ಕಾಣದೆ, ತಳದಲ್ಲಿ ಒರಗಿ ಒದ್ದಾಡುತ್ತಿದ್ದರೆ ಅದಕ್ಕೆ ನೋವಿಲ್ಲದ ಸಾವನ್ನು ಕೊಡುವುದು ತಪ್ಪಲ್ಲ. ಔಷಧದ ಅಂಗಡಿಯಲ್ಲಿ ಸಿಗುವ ಲವಂಗದ ಎಣ್ಣೆ ಮೀನಿಗೆ ಅರಿವಳಿಕೆ. ಉಗುರು ಬೆಚ್ಚಗಿನ ಸ್ವಲ್ಪ ನೀರಿನೊಂದಿಗೆ ಸಣ್ಣ ಸೀಸೆಯಲ್ಲಿ ಹಾಲಿನಂತಾಗುವವರೆಗೆ ಕುಲುಕಿ, ಮೀನಿರುವ ಒಂದು ಲೀಟರ್ ನೀರಿಗೆ ಮೊದಲು ಒಂದೆರಡು ಹನಿಯಷ್ಟು ಸೇರಿಸಿದರೆ ಅದು ನಿದ್ದೆಗೆ ಜಾರುತ್ತದೆ. ನಂತರ ಹತ್ತು ಹನಿಯಷ್ಟನ್ನು ಸೇರಿಸಿ, ಕಿವಿರಿನ ಚಲನೆ ಪೂರ್ತಿ ನಿಂತ ಮೇಲೂ ಅರ್ಧ ಗಂಟೆ ಹಾಗೆಯೇ ಬಿಡಿ. ಶೌಚಾಲಯಕ್ಕೆ ಹಾಕಿ ನೀರು ಬಿಡುವುದು, ಜೀವಂತವಾಗಿ ಫ್ರೀಜರಿನಲ್ಲಿಡುವುದು, ಇವೆರಡೂ ಹಿಂಸೆ.

ಇನ್ನು ನಿಮ್ಮ ಬೆರಳು. ದಯವಿಟ್ಟು ಇದನ್ನು ಮೀನಿಗಿಂತ ಮೊದಲು ಗಮನಿಸಿ. ಮೈಕೋಬ್ಯಾಕ್ಟೀರಿಯಂ ಮೆರಿನಮ್ ಎಂಬ ಬ್ಯಾಕ್ಟೀರಿಯಾ ಮೀನುಗಳಲ್ಲಿ ಕ್ಷಯದಂತಹ ರೋಗವನ್ನು ಉಂಟುಮಾಡುತ್ತದೆ; ಬಡಕಲಾಗುವುದು, ಬೆನ್ನು ಬಾಗುವುದು, ಮಾಯದ ಹುಣ್ಣು, ಕೆಲವೊಮ್ಮೆ ನಿಮ್ಮ ಬೆಟ್ಟಾಗೆ ಬಂದಂತಹ ಊತ, ಇವು ಅದರ ಲಕ್ಷಣಗಳು. ತೊಟ್ಟಿಯ ನೀರಿನಿಂದ ಅದು ಗಾಯದ ಮೂಲಕ ಮನುಷ್ಯರ ಚರ್ಮಕ್ಕೂ ಬರಬಹುದು. ಅದು ಸುಮಾರು 30 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುವುದರಿಂದ ದೇಹದ ಒಳಭಾಗಕ್ಕಿಂತ ತಣ್ಣಗಿರುವ ಬೆರಳು, ಕೈಗಳಲ್ಲೇ ನೆಲೆಸಿ, ವಾರಗಳ ನಂತರ ನೋವಿಲ್ಲದ ಗಂಟಾಗಿ ಕಾಣಿಸಿಕೊಳ್ಳುತ್ತದೆ. ನಿಮ್ಮದು ಅದೇ ಎಂದು ಪತ್ರ ನೋಡಿ ಹೇಳಲಾರೆ, ಅಲ್ಲವೆಂದೂ ಹೇಳಲಾರೆ. ಅದೇ ಆಗಿದ್ದರೆ ಹಲವು ತಿಂಗಳ ಔಷಧದಿಂದ ವಾಸಿಯಾಗುತ್ತದೆ, ಆದರೆ ಸಾಮಾನ್ಯ ಮುಲಾಮಿನಿಂದ ಆಗುವುದಿಲ್ಲ, ಮತ್ತು ಮೀನು ಸಾಕಿರುವುದನ್ನು ನೀವು ಹೇಳದೆ ಇದ್ದರೆ ವೈದ್ಯರಿಗೆ ಅದು ಹೊಳೆಯುವುದೂ ಕಷ್ಟ. ಈ ವಾರದಲ್ಲೇ ಚರ್ಮವೈದ್ಯರ ಬಳಿ ಹೋಗಿ, ಗಂಟು ತೋರಿಸುವ ಮೊದಲೇ ಮನೆಯಲ್ಲಿ ಮೀನು ಸಾಕಿರುವುದನ್ನು, ಬಟ್ಟಲು ತೊಳೆಯುವಾಗ ಗಾಯವಾದದ್ದನ್ನು ಹೇಳಿರಿ. ಅಲ್ಲಿಯವರೆಗೆ ಆ ಬಟ್ಟಲಿಗೆ ಬರಿಗೈ ಹಾಕಬೇಡಿ.